ಗಗನಮಾರ್ಗಕ್ಕೆ ಉಪಗ್ರಹದ ಸಾಕ್ಷ್ಯ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ವಿಮಾನವೇರಬೇಕಾದವರು ಸಂಪಾಜೆಯ ಘಟ್ಟವನ್ನಿಳಿದು ಮಂಗಳೂರಿಗೋ, ಮಾಕುಟ್ಟದ ಕಾಡುದಾರಿಯಾಗಿ ಸಾಗಿ 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರಿನ ನಿಲ್ದಾಣಕ್ಕೋ, ಮೂಡಣ ದಿಕ್ಕಿನ ಮೈಸೂರು ಬೆಂಗಳೂರುಗಳಿಗೋ ತೆರಳಬೇಕು. ಆದರೆ ನೆಲದ ಮೇಲೆ ನಿಲ್ದಾಣವಿಲ್ಲದ ಮಾತ್ರಕ್ಕೆ ಆಗಸದಲ್ಲಿ ಹಾದಿಗಳಿಲ್ಲವೆಂದಲ್ಲ. ಕೊಡಗಿನ ಮೇಲಾಗಿ ಕರಾವಳಿಗೂ ಪೀಠಭೂಮಿಗೂ ನಡುವೆ ಸಂಚರಿಸುವ ವಿಮಾನಗಳು 1748 ಮೀಟರ್ ಎತ್ತರದ ತಡಿಯಂಡಮೋಳ್ ಶಿಖರವನ್ನೂ ಅದರ ಸಾಲಿನ ಬೆಟ್ಟಗಳನ್ನೂ ದಾಟಿಯೇ ಹೋಗಬೇಕು. ಕಕ್ಕಡ ಮಾಸದ ಮಳೆಯಲ್ಲಿ ಬೆಟ್ಟ ಯಾವುದು, ಮೋಡ ಯಾವುದು ಎಂದು ಕಣ್ಣಿಗೆ ತಿಳಿಯದಿರುವಾಗ, ಮುನ್ನೂರು ಅಡಿ ಆಚೆಯದನ್ನು ಕಾಣಲಾರದ ಚಾಲಕನು ತಾನೆಲ್ಲಿರುವೆನೆಂಬುದನ್ನು ಬಲ್ಲನೆಂದೂ, ದೂರದ ಗೋಪುರದಲ್ಲಿ ಕುಳಿತ ನಿಯಂತ್ರಕನಿಗೂ ಅದು ಗೊತ್ತಿದೆಯೆಂದೂ ನಾವು ನಂಬಿ ಕುಳಿತಿರುತ್ತೇವೆ. ಆ ನಂಬಿಕೆಗೆ ಆಧಾರವಾದ ವಿದ್ಯೆಯೇ ಈಗ ಬುಡದಿಂದ ಬದಲಾಗುತ್ತಿರುವುದು.

ಇದುವರೆಗೆ ಆ ಆಧಾರ ರಾಡಾರಿನದಾಗಿತ್ತು. ನೆಲದ ಮೇಲೆ ತಿರುಗುವ ಆಂಟೆನಾವೊಂದು ರೇಡಿಯೋ ತರಂಗದ ಕ್ಷಣಿಕ ಸ್ಪಂದಗಳನ್ನು ಆಕಾಶಕ್ಕೆ ಕಳುಹಿಸುತ್ತದೆ. ಆ ಸ್ಪಂದವು ವಿಮಾನದ ಲೋಹದೊಡಲಿಗೆ ತಾಗಿ ಹಿಂದಿರುಗಿದಾಗ, ಹೋಗಿಬರಲು ಹಿಡಿದ ಕಾಲದಿಂದ ದೂರವೂ, ಆಂಟೆನಾ ಮುಖಮಾಡಿದ್ದ ಕಡೆಯಿಂದ ದಿಕ್ಕೂ ಗೊತ್ತಾಗುತ್ತವೆ. ತರಂಗದ ವೇಗವು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಆದುದರಿಂದ 150 ಕಿಲೋಮೀಟರ್ ಆಚೆಯ ವಿಮಾನದ ಮಾರ್ದನಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಬಂದು ಸೇರುತ್ತದೆ. ಆದರೆ ಈ ಪ್ರಾಥಮಿಕ ರಾಡಾರ್ ವಿಮಾನದ ಎತ್ತರವನ್ನು ತಿಳಿಸಲಾರದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಎದುರುಬದುರಾಗಿ ಡಿಕ್ಕಿಹೊಡೆದು 349 ಮಂದಿ ಮಡಿದ ದಿನ, ದೆಹಲಿಯ ನಿಯಂತ್ರಕರ ಮುಂದಿದ್ದುದು ಇಂತಹ ರಾಡಾರೊಂದೇ. ಎತ್ತರದ ವಿಷಯದಲ್ಲಿ ಚಾಲಕರ ಬಾಯಿಮಾತನ್ನಲ್ಲದೆ ಅವರು ಬೇರೇನನ್ನೂ ಅವಲಂಬಿಸುವಂತಿರಲಿಲ್ಲ. ನೆಲದಿಂದ ಪ್ರಶ್ನೆ ಕಳುಹಿಸಿ, ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣದಿಂದ ಅದರ ಗುರುತನ್ನೂ ಎತ್ತರವನ್ನೂ ಉತ್ತರವಾಗಿ ಪಡೆಯುವ ದ್ವಿತೀಯಕ ರಾಡಾರ್ ಈ ಕೊರತೆಯನ್ನು ನೀಗಿಸುತ್ತದೆ.

ಹಾಗಿದ್ದರೂ ರಾಡಾರಿನ ದೃಷ್ಟಿಗೆ ಎಲ್ಲೆಗಳುಂಟು. ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗತಕ್ಕವು, ಭೂಮಿಯೋ ಬಾಗಿಕೊಂಡಿದೆ. ಸಮತಟ್ಟಾದ ನೆಲದಲ್ಲಿಯೂ 200 ಕಿಲೋಮೀಟರ್ ದೂರಕ್ಕೆ ಹೋದಾಗ ಎರಡು ಕಿಲೋಮೀಟರಿಗೂ ಮಿಕ್ಕಿದ ಎತ್ತರದವರೆಗಿನ ಆಕಾಶವು ಭೂಮಿಯ ಬಾಗಿನಲ್ಲಿಯೇ ಮರೆಯಾಗಿಬಿಡುತ್ತದೆ. ಬೆಂಗಳೂರಿಗೂ ಮಡಿಕೇರಿಗೂ ನೇರ ಅಂತರ ಸುಮಾರು ಅಷ್ಟೇ. ಕರಾವಳಿಯಿಂದ ನೋಡೋಣವೆಂದರೆ ಪಶ್ಚಿಮಘಟ್ಟವೇ ಗೋಡೆಯಾಗಿ ನಿಂತು ತನ್ನ ಬೆನ್ನಹಿಂದಿನ ಕಣಿವೆಗಳನ್ನು ಮರೆಮಾಡುತ್ತದೆ. ಇಷ್ಟೇ ಅಲ್ಲದೆ, ಆಂಟೆನಾ ಒಂದು ಸುತ್ತು ತಿರುಗಿ ಅದೇ ವಿಮಾನವನ್ನು ಮತ್ತೆ ಕಾಣಲು ಕೆಲವು ಸೆಕೆಂಡುಗಳು ಬೇಕು; ದೂರ ಹೆಚ್ಚಿದಂತೆಲ್ಲ ಸ್ಥಾನದ ಅನಿಶ್ಚಯವೂ ಹಿಗ್ಗುತ್ತದೆ. ಆದುದರಿಂದಲೇ ಮಾರ್ಗಮಧ್ಯದಲ್ಲಿ, ಒಂದೇ ಎತ್ತರದಲ್ಲಿ ಹಾರುವ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಎಂದರೆ 9 ಕಿಲೋಮೀಟರಿನಷ್ಟು ಅಂತರವನ್ನು ಕಾಯ್ದುಕೊಳ್ಳುತ್ತಾರೆ. ರಾಡಾರಿನ ದೃಷ್ಟಿಯೇ ತಲಪದ ಸಮುದ್ರದ ಮೇಲಾದರೆ ಈ ಅಂತರ ಬಹಳಷ್ಟು ಹೆಚ್ಚುತ್ತದೆ.

ರಾಡಾರ್ ಇಲ್ಲದೆಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ನೋವಿನ ನಿದರ್ಶನವೊಂದಿದೆ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ, ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ರಚಿಸಿದ ರನ್‌ವೇಯನ್ನು ಮೀರಿ ಕಣಿವೆಗುರುಳಿ 158 ಮಂದಿ ಪ್ರಾಣ ಕಳೆದುಕೊಂಡರು. ಬದುಕಿ ಉಳಿದವರು ಎಂಟೇ ಮಂದಿ. ಮಿತಿಮೀರಿದ ಎತ್ತರದಿಂದಲೂ ವೇಗದಿಂದಲೂ ಇಳಿಯುತ್ತಿದ್ದ ವಿಮಾನವನ್ನು ಮುಖ್ಯ ಚಾಲಕನು ಮತ್ತೆ ಮೇಲಕ್ಕೆತ್ತದೆ ಹೋದದ್ದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯವು ತೀರ್ಮಾನಿಸಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ದಾಖಲಾಗಿದೆ: ಎರಡು ದಿನಗಳ ಹಿಂದಿನಿಂದ ಮಂಗಳೂರಿನ ರಾಡಾರ್ ಕೆಲಸ ಮಾಡುತ್ತಿರಲಿಲ್ಲವಾದುದರಿಂದ, ಆ ವಿಮಾನಕ್ಕೆ ಇಳಿಯತೊಡಗುವ ಅನುಮತಿಯು ವಾಡಿಕೆಗಿಂತ ತಡವಾಗಿ, ನಿಲ್ದಾಣಕ್ಕೆ ಹೆಚ್ಚು ಸಮೀಪದಲ್ಲಿ ದೊರಕಿತ್ತು. ರಾಡಾರಿದ್ದಿದ್ದರೆ ದುರಂತ ತಪ್ಪುತ್ತಿತ್ತೆಂದು ಹೇಳಲಾಗದು. ನೆಲದ ಮೇಲಿನ ಒಂದೇ ಯಂತ್ರದ ಮೌನವು ದೂರದ ವಿಮಾನವೊಂದರ ಇಳಿಜಾರನ್ನು ಹೇಗೆ ಕಡಿದಾಗಿಸಬಲ್ಲುದೆಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಉಪಗ್ರಹ ಪದ್ಧತಿಯು ಈ ಸಂಬಂಧವನ್ನೇ ತಿರುವುಮುರುವು ಮಾಡಿತು. ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಪರಮಾಣು ಗಡಿಯಾರಗಳ ಸಮಯವನ್ನು ಸಾರುತ್ತಿರುತ್ತವೆ; ಕನಿಷ್ಠಪಕ್ಷ ನಾಲ್ಕು ಉಪಗ್ರಹಗಳ ಸಂಕೇತಗಳು ಬಂದು ಮುಟ್ಟಿದ ಕಾಲವನ್ನು ಹೋಲಿಸಿ ವಿಮಾನವು ತನ್ನ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ತಾನೇ ಗಣಿಸಿಕೊಳ್ಳುತ್ತದೆ. ಹಾಗೆ ಗಣಿಸಿದುದನ್ನು ಎಡಿಎಸ್-ಬಿ ಎಂಬ ವ್ಯವಸ್ಥೆಯ ಮೂಲಕ, ಯಾರೂ ಕೇಳದೆಯೇ, ಸೆಕೆಂಡಿಗೆ ಎರಡರಂತೆ ಸುತ್ತಲೂ ಪ್ರಸಾರ ಮಾಡುತ್ತದೆ. ಅದನ್ನು ಕೇಳಿಸಿಕೊಳ್ಳಲು ತಿರುಗುವ ದೈತ್ಯ ಆಂಟೆನಾ ಬೇಡ. ಬೆಟ್ಟದ ಮೇಲಿಟ್ಟ ಸಣ್ಣ ಗ್ರಾಹಕವೊಂದು ಸಾಕು. 2019ರಿಂದೀಚೆಗೆ ಇರಿಡಿಯಂ ಸಮೂಹದ 66 ಉಪಗ್ರಹಗಳೇ ಇಂತಹ ಗ್ರಾಹಕಗಳನ್ನು ಹೊತ್ತು ಮಹಾಸಾಗರಗಳ ಮೇಲಿನ ವಿಮಾನಗಳ ಧ್ವನಿಯನ್ನು ಆಲಿಸುತ್ತಿವೆ. ರಾಡಾರಿನ ಯುಗದಲ್ಲಿ ನೆಲವು ವಿಮಾನವನ್ನು ಹುಡುಕುತ್ತಿತ್ತು. ಈಗ ವಿಮಾನವೇ ತನ್ನ ಇರವನ್ನು ನೆಲಕ್ಕೆ ನಿವೇದಿಸುತ್ತಿದೆ.

ಇಲ್ಲಿಯೇ ಮುಖ್ಯವಾದ ಪ್ರಶ್ನೆ ಏಳುವುದು. ತನ್ನ ಸ್ಥಾನವನ್ನು ತಾನೇ ಹೇಳಿಕೊಳ್ಳುವ ವಿಮಾನವು ತಪ್ಪು ಹೇಳಿದರೆ? ಜಿಪಿಎಸ್ ಗಣನೆಯಲ್ಲಿ ಸೆಕೆಂಡಿನ ಹತ್ತುಲಕ್ಷದಲ್ಲೊಂದಂಶ ವ್ಯತ್ಯಾಸವಾದರೂ 300 ಮೀಟರಿನ ದೋಷ ಒದಗುತ್ತದೆ. ಅದರಲ್ಲಿಯೂ ನಮ್ಮ ದೇಶದ ಆಕಾಶ ಈ ವಿಷಯದಲ್ಲಿ ಸುಲಭವಾದುದಲ್ಲ. ಸೂರ್ಯರಶ್ಮಿಯಿಂದ ವಿದ್ಯುದಾವಿಷ್ಟವಾದ ಅಯಾನುಗೋಳವೆಂಬ ಮೇಲ್ಪದರವು ಉಪಗ್ರಹದ ಸಂಕೇತಗಳನ್ನು ತಡಮಾಡಿಸುತ್ತದೆ. ಭೂಕಾಂತೀಯ ವಿಷುವದ್ರೇಖೆಯು ಭಾರತದ ದಕ್ಷಿಣದ ತುದಿಯಲ್ಲಿ ಹಾದುಹೋಗುವುದರಿಂದ ಇಲ್ಲಿ ಆ ಪದರವು ಉಳಿದ ಕಡೆಗಳಿಗಿಂತ ಹೆಚ್ಚು ಸಾಂದ್ರವೂ ಚಂಚಲವೂ ಆಗಿದೆ. ಸೂರ್ಯಾಸ್ತದ ತರುವಾಯ ಅದರಲ್ಲಿ ಏಳುವ ಗುಳ್ಳೆಗಳಂತಹ ವಿರಳ ಪ್ರದೇಶಗಳು ಸಂಕೇತವನ್ನು ಕಂಪಿಸುವಂತೆ ಮಾಡಿ, ಒಮ್ಮೊಮ್ಮೆ ಕಡಿದೇಬಿಡುವುದೂ ಉಂಟು. ಅಮೆರಿಕಕ್ಕೋ ಯೂರೋಪಿಗೋ ಹೊಂದುವ ತಿದ್ದುಪಡಿಯ ಸೂತ್ರವನ್ನು ಹಾಗೆಯೇ ತಂದು ಇಲ್ಲಿ ಬಳಸುವಂತಿರಲಿಲ್ಲ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೂ ವಿಮಾನ ನಿಲ್ದಾಣ ಪ್ರಾಧಿಕಾರವೂ ಕೂಡಿ ನಿರ್ಮಿಸಿದ ‘ಗಗನ್’ ವ್ಯವಸ್ಥೆಯು ಈ ಸಮಸ್ಯೆಗೆ ಕೊಟ್ಟ ಉತ್ತರ. ಸಂತೆಯ ತಕ್ಕಡಿಯ ಮೇಲೆ ಅನುಮಾನ ಬಂದಾಗ, ತೂಕ ಗೊತ್ತಿರುವ ಕಲ್ಲನ್ನೇ ಅದರಲ್ಲಿಟ್ಟು ಪರೀಕ್ಷಿಸುವ ಕ್ರಮವುಂಟಷ್ಟೆ. ಗಗನ್‌ನ ತತ್ತ್ವವೂ ಅದೇ. ದೇಶದ 15 ಕಡೆಗಳಲ್ಲಿ, ಸ್ಥಾನವನ್ನು ಅತಿ ಸೂಕ್ಷ್ಮವಾಗಿ ಅಳೆದಿಟ್ಟಿರುವ ಆಧಾರಕೇಂದ್ರಗಳು ಜಿಪಿಎಸ್ ಸಂಕೇತಗಳನ್ನು ಅನವರತ ಗ್ರಹಿಸುತ್ತ, ಸಂಕೇತವು ಹೇಳಿದ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಇರುವ ಅಂತರವನ್ನು ತಿಳಿಸುತ್ತವೆ. ಆ ಮಾಹಿತಿಯೆಲ್ಲವೂ ಬೆಂಗಳೂರಿನ ಕುಂದಲಹಳ್ಳಿಯಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ಬಂದು, ಅಲ್ಲಿ ತಿದ್ದುಪಡಿಗಳು ಸಿದ್ಧವಾಗಿ, 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳ ಮೂಲಕ ಆಗಸದಲ್ಲಿರುವ ವಿಮಾನಗಳನ್ನು ಸೇರುತ್ತವೆ. ಈ ಕಾರ್ಯಕ್ಕಾಗಿಯೂ 2011, 2012 ಮತ್ತು 2015ರಲ್ಲಿ ಹಾರಿಸಿದ ಜಿಸ್ಯಾಟ್-8, ಜಿಸ್ಯಾಟ್-10, ಜಿಸ್ಯಾಟ್-15 ಉಪಗ್ರಹಗಳ ಪಾಲನೆ ಕೊಡಗಿನ ಬಡಗಣ ಗಡಿಗೆ ತಗುಲಿಕೊಂಡಿರುವ ಹಾಸನ ಜಿಲ್ಲೆಯ ಪ್ರಧಾನ ನಿಯಂತ್ರಣ ಕೇಂದ್ರದ್ದೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ.

ಗಗನ್ ಸ್ಥಾನವನ್ನು ಕೆಲವೇ ಮೀಟರುಗಳ ಮಟ್ಟಿಗೆ ನಿಖರಗೊಳಿಸುತ್ತದೆಂಬುದು ನಿಜ. ಆದರೆ ಅದರ ಪರಮಪ್ರಯೋಜನವು ಬೇರೆಯದೇ ಎಂದು ನನ್ನ ಭಾವನೆ: ಯಾವ ಉಪಗ್ರಹದ ಸಂಕೇತವು ನಂಬಲು ಅನರ್ಹವಾಯಿತೋ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಚಾಲಕನಿಗೆ ತಿಳಿಸಿ ಎಚ್ಚರಿಸುವ ಹೊಣೆಯನ್ನು ಅದು ಹೊತ್ತಿದೆ. ಬೆಟ್ಟದ ಮಗ್ಗುಲಲ್ಲಿ ಇಳಿಯುವ ವಿಮಾನಕ್ಕೆ ಒಳ್ಳೆಯ ಅಂದಾಜಿಗಿಂತಲೂ, ‘ಈ ಅಂದಾಜನ್ನು ಈಗ ನಂಬಬೇಡ’ ಎಂಬ ಸಕಾಲದ ಮಾತು ಹೆಚ್ಚು ಅಮೂಲ್ಯವಾದುದು. 2015ರ ಏಪ್ರಿಲಿನಲ್ಲಿ, ಇಳಿಯುವ ವಿಮಾನಕ್ಕೆ ಎತ್ತರದ ಮಾರ್ಗದರ್ಶನವನ್ನೂ ನೀಡಲು ಗಗನ್‌ಗೆ ಮಾನ್ಯತೆ ದೊರಕಿತು. 2022ರ ಏಪ್ರಿಲ್ 28ರಂದು ಇಂಡಿಗೋದ ಎಟಿಆರ್ ವಿಮಾನವೊಂದು ಅದರ ನೆರವಿನಿಂದ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು. ನೆಲದ ಮೇಲೆ ದುಬಾರಿ ಉಪಕರಣಗಳನ್ನು ನೆಡಲಾರದ ಸಣ್ಣ ನಿಲ್ದಾಣಗಳಿಗೆ ಇದೊಂದು ವರವೇ ಸರಿ.

ಆದರೂ ರಾಡಾರನ್ನು ಕಿತ್ತೆಸೆಯುವ ಆತುರ ಸಲ್ಲದು. ಅಷ್ಟು ದೂರದಿಂದ ಬರುವ ಉಪಗ್ರಹದ ಸಂಕೇತವು ನೆಲಕ್ಕೆ ಮುಟ್ಟುವಷ್ಟರಲ್ಲಿ ಅತ್ಯಂತ ಕ್ಷೀಣವಾಗಿರುತ್ತದೆ. ಸಣ್ಣ ಪ್ರೇಷಕವೊಂದು ಅದನ್ನು ಮುಳುಗಿಸಬಲ್ಲುದು, ಕಪಟಿಯಾದವನು ಸುಳ್ಳು ಸಂಕೇತವನ್ನೇ ಉಣಿಸಬಲ್ಲನು. ಜಮ್ಮು, ಅಮೃತಸರಗಳ ಗಡಿಯ ಸುತ್ತ ಇಂತಹ ಹಸ್ತಕ್ಷೇಪಗಳು ಈಚಿನ ವರ್ಷಗಳಲ್ಲಿ ವರದಿಯಾಗಿವೆ. ಆಗ ವಿಮಾನವು ಪ್ರಾಮಾಣಿಕವಾಗಿಯೇ ತಪ್ಪು ಸ್ಥಾನವನ್ನು ಸಾರುತ್ತಿರುತ್ತದೆ. ಅದನ್ನು ಹೌದೆಂದೋ ಅಲ್ಲವೆಂದೋ ಹೇಳಲು, ಯಾರ ಮಾತನ್ನೂ ಕೇಳದೆ ತಾನೇ ಅಳೆದು ನೋಡುವ ರಾಡಾರೇ ಬೇಕಾಗುತ್ತದೆ. ಆದುದರಿಂದ ಮುಖ್ಯ ಸ್ಥಳಗಳಲ್ಲಿ ರಾಡಾರುಗಳನ್ನು ಸುಸ್ಥಿತಿಯಲ್ಲಿಟ್ಟುಕೊಂಡು, ಘಟ್ಟದ ಮರೆಯಲ್ಲಿ ಅವು ಕಾಣಲಾರದ ಜಾಗಗಳಿಗೆ ಎಡಿಎಸ್-ಬಿ ಗ್ರಾಹಕಗಳನ್ನು ಒದಗಿಸಿ, ಗಗನ್ ಸಂಕೇತವನ್ನು ಬಳಸಬಲ್ಲ ಸಾಧನಗಳನ್ನು ವಿಮಾನಗಳಲ್ಲಿ ಅಳವಡಿಸುವುದೇ ವಿವೇಕದ ದಾರಿ. ಎರಡು ಸ್ವತಂತ್ರ ಸಾಕ್ಷ್ಯಗಳು ಒಂದನ್ನೊಂದು ಪರೀಕ್ಷಿಸುವ ಆಕಾಶದಲ್ಲಿ ಮಾತ್ರ, ಮಳೆಗಾಲದ ಮೋಡದೊಳಗಿನಿಂದ ಇಳಿಯುವ ಪ್ರಯಾಣಿಕನ ನಂಬಿಕೆಗೆ ನಿಜವಾದ ಆಧಾರವಿರುತ್ತದೆ.