ಮಂಗಳೂರ ಹೆಂಚೂ ಬಾಸೆಲ್ ಮಿಷನಿನ ಜನರೂ



ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಹಳೆಯ ಮನೆಯೊಂದರ ಮಾಡನ್ನು ಬಿಚ್ಚುವಾಗ, ಕೆಳಗಿಳಿಸಿದ ಹೆಂಚನ್ನು ಮಗುಚಿ ನೋಡಿದವರಿಗೆ ಅದರ ಬೆನ್ನಿನ ಮೇಲೆ ಅಚ್ಚೊತ್ತಿದ ಇಂಗ್ಲಿಷ್ ಅಕ್ಷರಗಳೂ 1865 ಎಂಬ ಅಂಕೆಯೂ ಕೆಲವು ವೇಳೆ ಕಾಣಸಿಗುತ್ತವೆ. ಅದು ಆ ಹೆಂಚನ್ನು ಸುಟ್ಟ ವರ್ಷವಲ್ಲ. ಅದನ್ನು ಮಾಡಿದ ಕಾರ್ಖಾನೆ ಹುಟ್ಟಿದ ವರ್ಷ. ಕಾರ್ಖಾನೆಯ ಒಡೆಯರಾದರೋ ವ್ಯಾಪಾರಿಗಳಲ್ಲ, ಪಾದ್ರಿಗಳು. ಧರ್ಮಬೋಧನೆಗೆಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಹೊರಟ ಸಂಘವೊಂದು ಮಂಗಳೂರಿನಲ್ಲಿ ಮಣ್ಣು ಕಲಸುವುದಕ್ಕೆ ಏಕೆ ಕೈಹಾಕಿತು ಎಂಬುದೇ ಈ ಹೊತ್ತಿನ ವಿಷಯ.

1833ರ ಸನದಿನಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರಕಾರದ ಸೀಮೆಯಲ್ಲಿ ನೆಲೆಸಲು ದಾರಿಯಾಯಿತು. ಮರುವರ್ಷದ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಸಂಘ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದುದು, 1843ರಲ್ಲಿ ಮೋಗ್ಲಿಂಗ್ ಪಂಡಿತರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದುದು, 1894ರಲ್ಲಿ ಕಿಟ್ಟೆಲ್ ಪಂಡಿತರ ನಿಘಂಟು ಹೊರಬಿದ್ದುದು, ಇವೆಲ್ಲ ಕನ್ನಡಿಗರಿಗೆ ಚೆನ್ನಾಗಿ ತಿಳಿದ ಸಂಗತಿಗಳು. ನಿಘಂಟನ್ನು ನೆನೆಯುವಷ್ಟು ನಾವು ಹೆಂಚನ್ನು ನೆನೆಯುವುದಿಲ್ಲ. ಆದರೆ ಆ ಮಿಷನರಿಗಳನ್ನು ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಬಾಧಿಸಿದ ಪ್ರಶ್ನೆ ಅಕ್ಷರದ್ದಲ್ಲ, ಅನ್ನದ್ದು.

ತುಳುನಾಡಿನಲ್ಲಿ ಅವರ ಮತಕ್ಕೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಅವರಲ್ಲಿ ಅನೇಕರಿಗೆ ಮೂರ್ತೆಯ ಕೆಲಸ, ಎಂದರೆ ತಾಳೆ ತೆಂಗುಗಳಿಂದ ಕಳ್ಳು ಇಳಿಸುವುದೇ ಜೀವನ. ಮದ್ಯವನ್ನು ಪಾಪವೆಂದೆಣಿಸುವ ಮಿಷನಿಗೆ ಆ ವೃತ್ತಿ ಒಪ್ಪಿಗೆಯಾಗುವಂತಿರಲಿಲ್ಲ. ಗೇಣಿಗೆ ಗದ್ದೆ ಮಾಡಿಕೊಂಡಿದ್ದವರಾದರೆ, ಮತಾಂತರಗೊಂಡ ಒಕ್ಕಲನ್ನು ಧಣಿ ಇಟ್ಟುಕೊಳ್ಳುವನೆಂಬ ಭರವಸೆಯಿಲ್ಲ. ಅಳಿಯಸಂತಾನದ ಕುಟುಂಬವೋ, ಹೊರಬಿದ್ದವನನ್ನು ಸತ್ತವನೆಂದೇ ಎಣಿಸುತ್ತಿತ್ತು. ಜಾತಿ ಬಿಟ್ಟವನ ಆಸ್ತಿಯ ಹಕ್ಕು ಹೋಗಕೂಡದೆಂದು 1850ರಲ್ಲಿ ಶಾಸನವೇನೋ ಆಯಿತು. ಆದರೆ ಶಾಸನವು ಪಾಲನ್ನು ಕೊಡಿಸಬಲ್ಲುದಲ್ಲದೆ ನೆರೆಮನೆಯ ಬಾವಿಯ ನೀರನ್ನು ಕೊಡಿಸಲಾರದು. ಪಾಲೇ ಇಲ್ಲದ ಬಡವನಿಗಂತೂ ಅದರಿಂದ ಪ್ರಯೋಜನವೇನು?

ಮೇಲುಜಾತಿಯವರಿಗೂ ಈ ಹಾದಿ ಸುಲಭವಾಗಿರಲಿಲ್ಲ. 1844ರ ಜನವರಿಯಲ್ಲಿ ಮಿಷನಿನ ಇಂಗ್ಲಿಷ್ ಶಾಲೆಯ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷೆ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವಾಯಿತು. ಅವರಲ್ಲಿ ಆನಂದರಾವ್ ಕೌಂಡಿನ್ಯ ಎಂಬಾತನು ಮೋಗ್ಲಿಂಗರೊಡನೆ ಸಮುದ್ರ ದಾಟಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದನು; ಆ ಸಂಘದಲ್ಲಿ ಪಾದ್ರಿಪದವಿ ಪಡೆದ ಮೊದಲ ಭಾರತೀಯನೀತನೇ. ಮುಂದೆ ಆತನು ಕೊಡಗಿನ ಆನಂದಪುರದಲ್ಲಿ, ತಲೆತಲಾಂತರದಿಂದ ಜೀತದಲ್ಲಿದ್ದ ಹೊಲೆಯರಲ್ಲಿ ಕ್ರೈಸ್ತರಾದವರಿಗೆ ಒಂದು ನೆಲೆಯನ್ನು ಕಟ್ಟುವ ಕೆಲಸಕ್ಕೆ ನಿಂತನು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನು ಹೊಲೆಯರ ಊರಿನ ಯಜಮಾನಿಕೆ ವಹಿಸಿದ ಈ ವೃತ್ತಾಂತವೊಂದೇ ಪ್ರತ್ಯೇಕ ಭಾಷಣಕ್ಕೆ ತಕ್ಕದ್ದು. ಅಲ್ಲಿಯೂ ಪ್ರಶ್ನೆ ಅದೇ: ಹಳೆಯ ಧಣಿಯನ್ನು ಬಿಟ್ಟವನು ನಾಳೆ ಏನನ್ನು ಉಣ್ಣಬೇಕು?

ಮಿಷನಿನವರು ಮಾಡಿದ ಪ್ರಯೋಗಗಳು ಒಂದೆರಡಲ್ಲ. ಬೇಸಾಯಕ್ಕೆ ಹಚ್ಚಿ ನೋಡಿದರು, ಬಡಗಿತನ ಕಲಿಸಿದರು, ಗಡಿಯಾರದ ಕೆಲಸವನ್ನು ಕೂಡ ಕಲಿಸಹೋದರು! ಸೂರ್ಯನನ್ನು ನೋಡಿ ಹೊತ್ತು ಅಳೆಯುತ್ತಿದ್ದ ಊರಿನಲ್ಲಿ ಗಡಿಯಾರದ ಕಸುಬು ನಿಲ್ಲದೆ ಹೋದುದರಲ್ಲಿ ಸೋಜಿಗವಿಲ್ಲ. ಅಚ್ಚುಕೂಟ ನಿಂತಿತು, ಮಗ್ಗ ನಿಂತಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರನು ಯೂರೋಪಿನ ಮಾದರಿಯ ಮಗ್ಗಗಳನ್ನು ಹೂಡಿಸಿ, ಬಣ್ಣ ಹಾಕುವುದನ್ನೂ ಕಲಿಸಿದನು. ಖಾಕಿ ಬಟ್ಟೆ ಹುಟ್ಟಿದುದೇ ಆತನ ಬಣ್ಣದ ಕೊಪ್ಪರಿಗೆಯಲ್ಲಿ ಎಂದು ಮಂಗಳೂರಿನವರು ಅಭಿಮಾನದಿಂದ ಹೇಳುವುದುಂಟು. ಪಂಜಾಬಿನ ಗಡಿಯ ಒಂದು ಪಡೆ ಅದಕ್ಕಿಂತ ಕೆಲವು ವರ್ಷ ಮೊದಲೇ ಆ ಮಣ್ಣಿನ ಬಣ್ಣವನ್ನು ಉಟ್ಟಿತ್ತಾದುದರಿಂದ, ಈ ಅಭಿಮಾನವನ್ನು ಸ್ವಲ್ಪ ತಗ್ಗಿಸಿಕೊಳ್ಳುವುದು ಮೇಲು. ಮಿಷನಿನ ಖಾಕಿ ಗಟ್ಟಿಮುಟ್ಟೆಂದು ಹೆಸರಾಯಿತೆಂಬಷ್ಟು ಮಾತು ಸಾಕು. 1854ರಲ್ಲಿ ಪ್ಲೈಡರರ್ ಎಂಬ ವರ್ತಕನು ಲೆಕ್ಕಪತ್ರಗಳನ್ನು ವಹಿಸಿಕೊಂಡನು. 1859ರಲ್ಲಿ ಬಾಸೆಲಿನಲ್ಲಿ ಇದಕ್ಕಾಗಿಯೇ ಒಂದು ವ್ಯಾಪಾರಸಂಘ ಏರ್ಪಟ್ಟಿತು. ದೇವರ ಕೆಲಸವೂ ಲಾಭದ ಕೆಲಸವೂ ಒಂದೇ ಚಾವಡಿಯಲ್ಲಿ ನಡೆಯಬಹುದೆ ಎಂದು ಅಲ್ಲಿನ ಭಕ್ತರಲ್ಲಿಯೇ ಆಕ್ಷೇಪಣೆ ಎದ್ದಿತ್ತೆಂಬುದನ್ನು ಮರೆಯಬಾರದು.

ಇನ್ನು ಹೆಂಚು. ಅದನ್ನು ತಂದವನು ಪ್ಲೆಬ್‌ಸ್ಟ್. ಈತನು ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ಊರಿಗೆ ಹೋಗಿದ್ದಾಗ ಮಣ್ಣು ಸುಡುವ ವಿದ್ಯೆಯನ್ನು ಕಲಿತು ಬಂದು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ಬಳಿ, ಕಾರ್ಖಾನೆಯನ್ನು ಹೂಡಿದನು. ಅಲ್ಲಿಯವರೆಗೆ ಆ ಸೀಮೆಯಲ್ಲಿ ಬಡವರ ಮಾಡು ಮುಳಿಹುಲ್ಲಿನದು. ವರ್ಷವರ್ಷವೂ ಹೊಸದಾಗಿ ಹೊದಿಸಬೇಕು. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಯೇ ಉರಿದುಹೋದೀತು. ಉಳ್ಳವರು ಕುಂಬಾರನ ಸಣ್ಣ ನಾಡಹೆಂಚು ಹೊದಿಸುತ್ತಿದ್ದರು. ಅದು ಬಲು ಭಾರ, ಒಂದರ ಮೇಲೊಂದು ಪದರಾಗಿ ಕೂರಬೇಕು, ಮಂಗ ಕುಣಿದರೆ ಜಾರುವುದು. ಪ್ಲೆಬ್‌ಸ್ಟನ ಹೆಂಚಿಗಾದರೋ ಅಂಚಿನಲ್ಲಿ ಗಾಡಿ, ಏಣುಗಳಿದ್ದು ಒಂದು ಇನ್ನೊಂದನ್ನು ಕಚ್ಚಿಕೊಳ್ಳುತ್ತದೆ. ಮಳೆಯ ನೀರು ಗಾಡಿಯಲ್ಲೇ ಹರಿದು ಕೆಳಗಿನ ಹೆಂಚಿಗೆ ಇಳಿಯುತ್ತದೆ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲಿ ಕಂಡುಹಿಡಿದ ಉಪಾಯವಿದು. ಹೀಗೆ ಹೊದಿಸಿದರೆ ನೂರು ಚದರಡಿಗೆ ಸುಮಾರು 150 ಹೆಂಚು ಸಾಕು. ನೇತ್ರಾವತಿ ಗುರುಪುರ ನದಿಗಳ ದಡದ ಜೇಡಿಮಣ್ಣು ಇದಕ್ಕೆ ಹೇಳಿಮಾಡಿಸಿದಂತಿತ್ತು. ಘಟ್ಟದ ಸೌದೆ ಅದೇ ನದಿಗಳ ಮೇಲೆ ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹೆಂಚು ಹಡಗನ್ನೇರಿ ಮುಂಬಯಿಗೂ ಏಡನ್ನಿಗೂ ಆಫ್ರಿಕಾದ ಮೂಡಣ ಕರಾವಳಿಗೂ ಹೋಗುತ್ತಿತ್ತು. ಮೊದಲಲ್ಲಿ ಮಣ್ಣನ್ನು ಅರೆಯುತ್ತಿದ್ದುದು ಎತ್ತುಗಳು. 1880ರ ದಶಕದಲ್ಲಿ ಉಗಿಯಂತ್ರ ಬಂದಿತು.

ಕಾರ್ಖಾನೆ ಬೆಳೆದಂತೆ ಅದರ ಗುಟ್ಟೂ ಗುಟ್ಟಾಗಿ ಉಳಿಯಲಿಲ್ಲ. 1868ರಲ್ಲೇ ಮಂಗಳೂರಿನ ಆಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆಯನ್ನು ತೆರೆದರು. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಊರ ಸುತ್ತ ಎಲ್ಲಿ ನೋಡಿದರೂ ಹೊಗೆಗೂಡುಗಳು.

ಕಾರ್ಮಿಕರ ಬಾಳು ಹೇಗಿತ್ತು? ಸಂಬಳ ಹೊತ್ತಿಗೆ ಸರಿಯಾಗಿ ಸಿಕ್ಕುತ್ತಿತ್ತು, ಉಳಿತಾಯಕ್ಕೆ ಏರ್ಪಾಡಿತ್ತು, ಹೆಂಗಸರಿಗೂ ಕೂಲಿ ದೊರೆಯಿತು, ಕ್ರಮೇಣ ಕ್ರೈಸ್ತರಲ್ಲದವರೂ ಬಂದು ಸೇರಿ, ನಾನಾ ಜಾತಿಯವರು ಒಂದೇ ಮಾಡಿನ ಕೆಳಗೆ ದುಡಿಯುವುದು ವಾಡಿಕೆಯಾಯಿತು. ಇದು ಸಣ್ಣ ಮಾತಲ್ಲ. ಆದರೆ ದುಡಿಸುವ ಕೈಯೂ ಉಪದೇಶಿಸುವ ಕೈಯೂ ಒಂದೇ ಆಗಿತ್ತೆಂಬುದನ್ನು ನೋಡಬೇಕು. ಹಿಂದೆ ಧಣಿಯ ಮುಖ ನೋಡುತ್ತಿದ್ದವನು ಈಗ ಪಾದ್ರಿಯ ಮುಖ ನೋಡಬೇಕಾಯಿತು. ಅನ್ನಕ್ಕಾಗಿ ಮತಕ್ಕೆ ಬಂದವರೆಂಬ ಹೊರಗಿನವರ ಮೂದಲಿಕೆ ಬೇರೆ. ಇದ್ದ ಅನ್ನವನ್ನು ಬಿಟ್ಟು ಬಂದವರನ್ನು ಹಾಗೆ ಮೂದಲಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಮತ ಬದಲಾದರೂ ಅವರು ಮನೆಯಲ್ಲಿ ತುಳುವನ್ನಾಡಿದರು, ದೇವಾಲಯದಲ್ಲಿ ಕನ್ನಡದಲ್ಲಿ ಹಾಡಿದರು. ತಮ್ಮ ತುಳು ಬರಿಗಳ ಹೆಸರುಗಳನ್ನು ಅನೇಕರು ಬಿಡಲಿಲ್ಲ.

1914ರಲ್ಲಿ ಮಹಾಯುದ್ಧ ಒದಗಿತು. ಮಿಷನರಿಗಳಲ್ಲಿ ಬಹುಮಂದಿ ಜರ್ಮನರಾದುದರಿಂದ ಸರಕಾರಕ್ಕೆ ಅವರು ಶತ್ರುಪ್ರಜೆಗಳು. ಕೆಲವರು ಅಹಮದ್‌ನಗರದ ಶಿಬಿರದಲ್ಲಿ ಸೆರೆಯಾದರು, ಅನಂತರ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಸರಕಾರದ ವಶವಾಗಿ, ಯುದ್ಧ ಮುಗಿದ ಬಳಿಕ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಎಪ್ಪತ್ತೊಂಬತ್ತು ವರ್ಷಗಳಿಗೆ ಹಿಂದೆ ಮೂವರು ಬಂದು ಕಟ್ಟಿದುದೆಲ್ಲ ಹೀಗೆ ಕೆಲವೇ ವರ್ಷಗಳಲ್ಲಿ ಅವರ ಸಂಘದ ಕೈತಪ್ಪಿತು. ಮಣ್ಣು ಕಲಸುವವರು, ಅಚ್ಚು ಒತ್ತುವವರು, ಗೂಡಿಗೆ ಬೆಂಕಿಯಿಕ್ಕುವವರು ಮಾತ್ರ ಆ ಊರಿನವರೇ. ಅವರು ಇದ್ದಲ್ಲಿಯೇ ಇದ್ದು ಹೊಸ ಒಡೆಯನ ಕೆಳಗೆ ಹೆಂಚು ಸುಡುತ್ತ ಹೋದರು.