ಹಿತ್ತಾಳೆಯ ಮೇಲಿನ ಮಸಿ: ಅದು ಹೇಳುವ ಲೆಕ್ಕ, ಅದು ಅಡಗಿಸಿಡುವ ಅಪಾಯ

ಹಿತ್ತಾಳೆಯ ಬಿಡಿಭಾಗಗಳನ್ನು ತಯಾರಿಸುವ ಕಕ್ಷಿದಾರರೊಬ್ಬರ ಘಟಕಕ್ಕೆ ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆಂದು ಹೋಗಿದ್ದೆನು. ಅವರು ಅಮೆರಿಕದಿಂದ ಬಂದ ಗುಜರಿಯ ರಾಶಿಯಿಂದ ಒಂದು ಹಿಡಿ ಖಾಲಿ ಪಿಸ್ತೂಲು ಕಾಡತೂಸುಗಳನ್ನು ಎತ್ತಿ ತೋರಿಸಿದರು. ಕೆಲವು ಹೊಳೆಯುತ್ತಿದ್ದವು, ಕೆಲವು ಬಾಯಿಯಿಂದ ನಡುವಿನವರೆಗೆ ಕಪ್ಪಾಗಿದ್ದವು. "ಕಪ್ಪಾದದ್ದು ಕಳಪೆ ಲೋಹವೇ ಸಾರ್? ಕಡಿಮೆ ಬೆಲೆಗೆ ತೋರಿಸಬೇಕೇ?" ಎಂಬುದು ಅವರ ಪ್ರಶ್ನೆ. ಪ್ರಶ್ನೆ ಚಿಕ್ಕದಾದರೂ ಉತ್ತರದಲ್ಲಿ ಹಣದ ವಿಚಾರವೂ ಇದೆ, ಕಾರ್ಮಿಕರ ಆರೋಗ್ಯದ ವಿಚಾರವೂ ಇದೆ. ಆದ್ದರಿಂದ ಸದಸ್ಯರೆಲ್ಲರ ಗಮನಕ್ಕೆ ಅದನ್ನು ಇಲ್ಲಿ ವಿವರಿಸಿದ್ದೇನೆ.

ಕವಚದ ಕಾರ್ಯ

ಕಾಡತೂಸಿಗೆ ನಾಲ್ಕು ಅಂಗಗಳು: ಗುಂಡು, ಮದ್ದು, ಕಿಡಿ ಹೊತ್ತಿಸುವ ಪ್ರೈಮರ್ ಮತ್ತು ಇವೆಲ್ಲವನ್ನೂ ಹಿಡಿದಿಡುವ ಹಿತ್ತಾಳೆಯ ಕವಚ. ಈ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಶೇ. 70 ತಾಮ್ರ, ಶೇ. 30 ಸತುವು ಇರುತ್ತದೆ. ಗುಂಡು ಹಾರಿದಾಗ ಉಳಿದ ಮೂರೂ ಖರ್ಚಾಗುತ್ತವೆ. ಕವಚ ಮಾತ್ರ ಉಳಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೊದಲ ಮೂರು ಕಚ್ಚಾ ಸಾಮಗ್ರಿ, ಕವಚವು ಸ್ಥಿರಾಸ್ತಿ.

ಆದುದರಿಂದಲೇ ಅಮೆರಿಕದ ಗುರಿಕಾರರಲ್ಲಿ ಅನೇಕರು ಬಳಸಿದ ಕವಚಗಳನ್ನು ಆಯ್ದುಕೊಂಡು, ಹಳೆಯ ಪ್ರೈಮರನ್ನು ತೆಗೆದು, ಕವಚವನ್ನು ಮೂಲ ಅಳತೆಗೆ ಒತ್ತಿ, ಹೊಸ ಪ್ರೈಮರ್, ಮದ್ದು ಮತ್ತು ಗುಂಡನ್ನು ಕೈಯಿಂದಲೇ ಕೂರಿಸುತ್ತಾರೆ. ಪಿಸ್ತೂಲಿನ ನೇರ ಗೋಡೆಯ ಕವಚವು ಹೀಗೆ ಹಲವಾರು ಬಾರಿ ಉಪಯೋಗಕ್ಕೆ ಬರುತ್ತದೆ.

ಮಸಿ ಹೇಗೆ ಹತ್ತುತ್ತದೆ?

ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡಕ್ಕೆ ತೆಳುವಾದ ಹಿತ್ತಾಳೆಯು ಕ್ಷಣಮಾತ್ರದಲ್ಲಿ ಹಿಗ್ಗಿ ಪಿಸ್ತೂಲಿನ ಕೋಣೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆಗ ಅನಿಲಕ್ಕೆ ಹಿಂದಕ್ಕೆ ಬರಲು ದಾರಿಯಿರುವುದಿಲ್ಲ. ಗುಂಡು ಹೊರಬಿದ್ದ ಬಳಿಕ ಕವಚವು ತುಸು ಕುಗ್ಗಿ ಸಡಿಲವಾಗುತ್ತದೆ. ಒತ್ತಡ ಸಾಲದಿದ್ದರೆ ಕವಚವು ಪೂರ್ತಿ ಹಿಗ್ಗುವುದಿಲ್ಲ. ಅನಿಲವು ಗೋಡೆ ಮತ್ತು ಕವಚದ ನಡುವಿನ ಸಂದಿನಲ್ಲಿ ಹಿಂದಕ್ಕೆ ನುಸುಳಿ ಹೊರಮೈಗೆ ಮಸಿ ಬಳಿಯುತ್ತದೆ.

ಅಮೆರಿಕದ ತಯಾರಕರ ಮಾನದಂಡದಂತೆ 9 ಮಿ.ಮೀ. ಕಾಡತೂಸಿನ ಗರಿಷ್ಠ ಒತ್ತಡವು ಪ್ರತಿ ಚದರ ಅಂಗುಲಕ್ಕೆ 35,000 ಪೌಂಡ್; .45 ಎಸಿಪಿ ಕಾಡತೂಸಿನದು 21,000; .38 ಸ್ಪೆಷಲ್‌ನದು 17,000. ಕೊನೆಯ ಎರಡರಲ್ಲಿ ಮಸಿ ಹೆಚ್ಚು ಕಾಣುವುದಕ್ಕೆ ಇದೇ ಕಾರಣ. ಇದಲ್ಲದೆ, ಹಿನ್ನೊದೆತ ಕಡಿಮೆಯಾಗಲೆಂದು ಗುರಿಕಾರರು ಮದ್ದನ್ನು ಕಡಿಮೆ ತುಂಬುವುದುಂಟು. ನಿಧಾನವಾಗಿ ಉರಿಯುವ ಮದ್ದಾದರೆ ಅದು ಪೂರ್ತಿ ಉರಿಯದೆ ಕಣಗಳಾಗಿ ಉಳಿಯುತ್ತದೆ. ಮತ್ತೆ ಮತ್ತೆ ಹಿಗ್ಗಿಸಿ ಕುಗ್ಗಿಸಿದ ಹಿತ್ತಾಳೆಯು ಗಡುಸಾಗಿ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಅದರಿಂದಲೂ ಮಸಿ ಹೆಚ್ಚುತ್ತದೆ.

ಬಾಯಿಯ ಅಂಚಿನಲ್ಲಿ ಸ್ವಲ್ಪ ಮಸಿ ಸಹಜ. ನಡುವಿನವರೆಗೆ ಇಳಿದಿದ್ದರೆ ಒತ್ತಡ ಸಾಲದೆಂಬ ಸೂಚನೆ. ಹಾಗೆಂದು ಮಸಿಯಿಲ್ಲದ ಕವಚವು ಸುರಕ್ಷಿತವೆನ್ನಲಾಗದು. ಒತ್ತಡವು ಮಿತಿಮೀರಿದರೂ ಹೊರಮೈ ಸ್ವಚ್ಛವಾಗಿಯೇ ಇರಬಹುದು. ಬಲ್ಲವರು ಮಸಿಯನ್ನು ನೋಡಿ ಅಂದಾಜಿನಿಂದ ಮದ್ದು ಹೆಚ್ಚಿಸುವುದಿಲ್ಲ. ಪ್ರಕಟಿತ ಕೋಷ್ಟಕದೊಡನೆ ತಾಳೆ ನೋಡುತ್ತಾರೆ. ಕನ್ನಡದಲ್ಲಿ ಶಾಯಿಗೂ ಮಸಿಯೆಂದೇ ಹೆಸರು. ಖಾತೆಯಲ್ಲಿನ ಮಸಿಯನ್ನು ಓದುವಂತೆಯೇ ಇದನ್ನೂ ಅಳಿಸುವ ಮುನ್ನ ಓದಬೇಕು.

ಶುಚಿಗೊಳಿಸುವಾಗ ಎಚ್ಚರ

ಮಸಿಯೆಂದರೆ ಬರೀ ಇಂಗಾಲವಲ್ಲ. ರೂಢಿಯಲ್ಲಿರುವ ಪ್ರೈಮರುಗಳಲ್ಲಿ ಸೀಸ, ಬೇರಿಯಂ ಮತ್ತು ಆಂಟಿಮನಿಯ ಸಂಯುಕ್ತಗಳಿರುತ್ತವೆ. ಅವುಗಳ ಶೇಷವು ಕವಚದ ಒಳಗೂ ಹೊರಗೂ ಅಂಟಿರುತ್ತದೆ. ಕವಚಗಳನ್ನು ಮುಸುಕಿನ ಜೋಳದ ದಿಂಡಿನ ಪುಡಿ ಅಥವಾ ಅಕ್ರೋಟಿನ ಚಿಪ್ಪಿನ ಪುಡಿಯೊಡನೆ ಡ್ರಮ್ಮಿನಲ್ಲಿ ಹಾಕಿ ಅಲುಗಾಡಿಸಿದರೆ ಹೊಳಪು ಬರುತ್ತದೆ. ಆದರೆ ಆ ಪುಡಿಯಲ್ಲಿ ಸೀಸ ಶೇಖರವಾಗಿ, ಮುಚ್ಚಳ ತೆರೆದಾಗ ಧೂಳಾಗಿ ಏಳುತ್ತದೆ. ನೀರು, ಸಾಬೂನು ಮತ್ತು ಸಣ್ಣ ಉಕ್ಕಿನ ಕಡ್ಡಿಗಳೊಡನೆ ತೊಳೆಯುವ ವಿಧಾನದಲ್ಲಿ ಧೂಳಿಲ್ಲ. ಆದರೆ ಕೊಳಕು ನೀರನ್ನು ಚರಂಡಿಗೆ ಬಿಡಬಾರದು.

ಸೀಸದ ವಿಷಬಾಧೆಯು 1948ರ ಕಾರ್ಖಾನೆಗಳ ಕಾಯಿದೆಯ ಕಾಲದಿಂದಲೂ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿದೆ. ಇಂತಹ ಗುಜರಿಯನ್ನು ಬರಿಗೈಯಲ್ಲಿ ಆರಿಸುವ ಕಾರ್ಮಿಕರು ಅದೇ ಕೈಯಲ್ಲಿ ಊಟಕ್ಕೆ ಕುಳಿತರೆ, ಅಥವಾ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಂಡರೆ, ಆಗುವ ನಷ್ಟವು ಯಾವ ಖಾತೆಯಲ್ಲೂ ಕಾಣದು.

ಇನ್ನೊಂದು ಎಚ್ಚರಿಕೆಗೆ ನಮ್ಮ ದೇಶದ ಇತಿಹಾಸವೇ ಸಾಕ್ಷಿ. ಬ್ರಿಟಿಷರ ಕಾಲದಲ್ಲಿ ಸೇನೆಯವರು ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ನೋಡಿದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಕುದುರೆ ಮೂತ್ರದ ಅಮೋನಿಯಾ ಮತ್ತು ಲೋಹದೊಳಗೆ ಉಳಿದ ಬಿಗುವು ಕೂಡಿ ಹೀಗಾಗುತ್ತದೆಂಬುದು 1921ರಲ್ಲಿ ವಿವರಿಸಲ್ಪಟ್ಟಿತು. ಅಮೋನಿಯಾ ಬೆರೆತ ಹೊಳಪು ದ್ರಾವಣಗಳನ್ನು ಮರುಬಳಕೆಯ ಕವಚಕ್ಕಾಗಲಿ, ಒತ್ತಿ ಎಳೆದು ಮಾಡಿದ ಯಾವುದೇ ಹಿತ್ತಾಳೆ ಭಾಗಕ್ಕಾಗಲಿ ಬಳಸದಿರುವುದು ಕ್ಷೇಮ.

ನಮ್ಮ ವ್ಯಾಪಾರಸ್ಥರು ಗಮನಿಸಬೇಕಾದ ಅಂಶಗಳು

1. ಮಸಿಯು ಹೊರಮೈಯದು, ಒಳಗಿನ ಲೋಹವು ಅದೇ 70:30 ಹಿತ್ತಾಳೆ. ಲೆಕ್ಕ ಮಾನಕ 2ರಂತೆ ದಾಸ್ತಾನನ್ನು ಅಸಲು ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯದಕ್ಕೆ ತೋರಿಸಬೇಕು. ಕೇವಲ ಕಪ್ಪು ಬಣ್ಣದ ಕಾರಣಕ್ಕೆ ಮೌಲ್ಯ ತಗ್ಗಿಸುವ ಅಗತ್ಯವಿಲ್ಲ.

2. ಅಂತರರಾಷ್ಟ್ರೀಯ ಗುಜರಿ ವ್ಯಾಪಾರದಲ್ಲಿ ಪ್ರೈಮರ್ ಉಳಿದ ಹಿತ್ತಾಳೆ ಕವಚಕ್ಕೆ 'ಲೇಡಿ', ಪ್ರೈಮರ್ ಇಲ್ಲದ್ದಕ್ಕೆ 'ಲೇಸ್', ಹಾರಿಸಿದ ಸ್ವಚ್ಛ ಸಣ್ಣ ಕವಚಗಳಿಗೆ 'ಲೇಕ್' ಎಂಬ ಸಂಕೇತನಾಮಗಳಿವೆ. ಒಪ್ಪಂದದಲ್ಲಿ ಯಾವುದು ಬರೆದಿದೆ, ಬಂದದ್ದು ಯಾವುದು ಎಂದು ತಾಳೆ ನೋಡಿರಿ.

3. ರಾಶಿಯಲ್ಲಿ ಹಾರದ ಕಾಡತೂಸು ಒಂದಿದ್ದರೂ ಕುಲುಮೆಯಲ್ಲಿ ಅನಾಹುತ. 2004ರಲ್ಲಿ ಘಾಜಿಯಾಬಾದ್ ಬಳಿಯ ಕಾರ್ಖಾನೆಯೊಂದರಲ್ಲಿ ಆಮದು ಗುಜರಿಯೊಳಗಿದ್ದ ಸಿಡಿತಲೆ ಸ್ಫೋಟಿಸಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ಬಳಿಕ ಗುಜರಿ ಆಮದಿನ ತಪಾಸಣಾ ನಿಯಮಗಳು ಬಿಗಿಯಾದವು.

4. 1959ರ ಶಸ್ತ್ರಾಸ್ತ್ರ ಕಾಯಿದೆಯು ಮದ್ದುಗುಂಡಿನ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ 'ಮದ್ದುಗುಂಡು' ಎಂಬ ವ್ಯಾಖ್ಯೆಯೊಳಗೆ ಸೇರಿಸಿದೆ. ಪರವಾನಗಿಯಿಲ್ಲದೆ ತಯಾರಿಕೆ ಅಪರಾಧ. ಕವಚ ತುಂಬುವ ಅಚ್ಚುಗಳಿಗೆ ವಿದೇಶದಿಂದ ಬೇಡಿಕೆ ಬಂದರೆ ಕಾನೂನು ಸಲಹೆ ಪಡೆಯದೆ ಒಪ್ಪಿಕೊಳ್ಳಬಾರದು.

ಕಕ್ಷಿದಾರರಿಗೆ ನಾನು ಕೊಟ್ಟ ಉತ್ತರವಿಷ್ಟು: ಬೆಲೆ ತಗ್ಗಿಸಬೇಡಿ, ಆದರೆ ಆರಿಸುವವರಿಗೆ ಕೈಚೀಲ, ಮುಖಗವಸು, ಕೈತೊಳೆಯುವ ವ್ಯವಸ್ಥೆ ಇವುಗಳ ಖರ್ಚನ್ನು ಈ ಸರಕಿನ ಅಸಲಿಗೆ ಸೇರಿಸಿ ಲಾಭ ನೋಡಿ. ಹಾಗೆ ಲೆಕ್ಕ ಹಾಕಿದ ಮೇಲೂ ಲಾಭ ಉಳಿದರೆ ಆ ಗುಜರಿಯನ್ನು ಕೊಳ್ಳಿ; ಉಳಿಯದಿದ್ದರೆ ಬಿಡಿ.