ಫಿಲಾಸಫಿ ಓದಿದ್ರೆ ಪಾದ್ರಿ ಆಗ್ಲೇಬೇಕಾ?

ಸಕಲೇಶಪುರದಲ್ಲಿ ಪಿಯುಸಿ ಮುಗಿಸಿ, ‘ಬೆಂಗಳೂರಿನ ಕ್ಯಾಥೊಲಿಕ್ ಯೂನಿವರ್ಸಿಟೀಲಿ ಫಿಲಾಸಫಿ ಓದ್ತೀನಿ’ ಅಂದ್ರೆ, ಮೊದಲ ಪ್ರಶ್ನೆ: ‘ಪಾದ್ರಿ ಆಗ್ತೀಯೇನೋ?’

ಕೇಳೋದ್ರಲ್ಲಿ ತಪ್ಪಿಲ್ಲ ಬಿಡಿ. ಪಾದ್ರಿ ಆಗೋರು ಎರಡು ವರ್ಷದಷ್ಟಾದ್ರೂ ತತ್ವಶಾಸ್ತ್ರ ಓದ್ಲೇಬೇಕು, ಅದು ಚರ್ಚಿನ ನಿಯಮ. 1879ರಲ್ಲಿ ಪೋಪ್ 13ನೇ ಲಿಯೋ ಈ ಓದಿನ ನಡುಮನೆಯಲ್ಲಿ ಥಾಮಸ್ ಅಕ್ವಿನಾಸ್‌ನನ್ನ ಕೂರಿಸಿದ್ರು. 13ನೇ ಶತಮಾನದ ಈ ಸನ್ಯಾಸಿ ಬರೆಯೋ ಕ್ರಮ ಮಜವಾಗಿದೆ: ಮೊದಲು ಎದುರಾಳಿಯ ವಾದಗಳು, ಆಮೇಲೆ ತನ್ನ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ನಮ್ಮ ಶಾಸ್ತ್ರಗಳ ಪೂರ್ವಪಕ್ಷ, ಸಿದ್ಧಾಂತ ನೆನಪಾಯ್ತಾ?

ಬೆಂಗಳೂರಲ್ಲಿ ಪಾದ್ರಿ ಆಗೋರು ಓದೋ ಧರ್ಮಾರಾಮ್‌ನಲ್ಲಿ ಭಾರತೀಯ ದರ್ಶನಗಳೂ ಪಾಠದಲ್ಲಿವೆ. ಅದನ್ನ ನಡೆಸೋ ಸಿಎಂಐ ಅನ್ನೋ ಕ್ಯಾಥೊಲಿಕ್ ಸಂಘದ ಪಾದ್ರಿಗಳದ್ದೇ ಕ್ರೈಸ್ಟ್ ಯೂನಿವರ್ಸಿಟಿ; ಅಲ್ಲಿ ಎಲ್ಲ ಧರ್ಮದವರೂ ಓದ್ತಾರೆ. ಪಾದ್ರಿ ಆಗೋ ಷರತ್ತೇನೂ ಇಲ್ಲ.

ಫೀಸ್ ಮಾತ್ರ ಮೊದಲೇ ವಿಚಾರಿಸ್ಕೊಳ್ಳಿ.